ಕೆಳಸಾಲಿನ ಕರೆಂಟು

ತಾರೀಖು ಹದಿನಾಲ್ಕು, ಬೆಳಗ್ಗೆ ಒಂಬತ್ತೂವರೆ. ಠಾಣೆಯ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ಒಳಬಂದ ಹೆಂಗಸು, ಪ್ಲಾಸ್ಟಿಕ್ ಚೀಲದಿಂದ ನೀರು ಕಾಯಿಸುವ ಕಾಯಿಲ್ ತೆಗೆದು ಇನ್ಸ್‌ಪೆಕ್ಟರ್ ಮೇಜಿನ ಮೇಲೆ ಇಟ್ಟಳು.

"ಇದ್ರಿಂದ್ಲೇ ಮೇಡಂ. ಬರ್ಕೊಳ್ಳಿ. ನಮ್ಮಪ್ಪನ್ನ ನಾನೇ ಕೊಂದಿದ್ದು."

ಇನ್ಸ್‌ಪೆಕ್ಟರ್ ಕಾಯಿಲ್ ನೋಡಿದಳು, ಹೆಂಗಸನ್ನು ನೋಡಿದಳು. ನಲವತ್ತರ ಆಸುಪಾಸು. ಮೂರು ದಿನದಿಂದ ತಲೆ ಬಾಚಿಲ್ಲ. ಅತ್ತು ಅತ್ತು ಕಣ್ಣೀರು ಬತ್ತಿದ ಮುಖ. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ತಪ್ಪೊಪ್ಪಿಕೊಳ್ಳಲು ತಾವಾಗಿಯೇ ನಡೆದುಬಂದವರನ್ನು ಅವಳು ಒಂದು ಕೈಯ ಬೆರಳುಗಳಲ್ಲಿ ಎಣಿಸಬಹುದಿತ್ತು. ಅವರಲ್ಲಿ ಯಾರೂ ಸಾಕ್ಷ್ಯವನ್ನು ಹೀಗೆ ತೊಳೆದು ಒರೆಸಿ ಚೀಲದಲ್ಲಿ ತಂದಿರಲಿಲ್ಲ.

"ಕೂತ್ಕೊಳ್ಳಮ್ಮ. ಮೊದಲಿಂದ ಹೇಳು."

ಅವಳ ಊರು ಜೀಪಿನ ದಾರಿ ಮುಗಿಯುವಲ್ಲಿದೆ. ಹೊರಗಿನ ಕರೆಂಟಿನ ತಂತಿ ಅಲ್ಲಿಗೆ ಹೋಗಿಲ್ಲ. ದಿಬ್ಬದ ಮೇಲೆ ಸೋಲಾರ್ ಹಲಗೆಗಳು, ಎರಡು ಗಾಳಿಯಂತ್ರ, ಒಂದು ಕೋಣೆ ತುಂಬ ಬ್ಯಾಟರಿ. ಬಿಸಿಲೂ ಗಾಳಿಯೂ ಕೈಕೊಟ್ಟ ದಿನಕ್ಕೆಂದು ಒಂದು ಡೀಸೆಲ್ ಜನರೇಟರ್. ಮೇಲಿನ ಸಾಲಿನಲ್ಲಿ ಈ ವಿದ್ಯುತ್ ಯೋಜನೆಯ ಕಚೇರಿ, ಅತಿಥಿಗೃಹ. ಕೆಳಗಿನ ಸಾಲಿನಲ್ಲಿ ಹಿಂದೆ ಕಲ್ಲುಕ್ವಾರಿಯಲ್ಲಿ ದುಡಿದವರ ಮನೆಗಳು. ಅವಳ ಅಪ್ಪ ಕಲ್ಲು ಒಡೆದವನು. ಒಡೆದ ಕಲ್ಲಿನ ಪುಡಿ ಎದೆಯಲ್ಲೇ ಉಳಿದಿತ್ತು. ಎರಡು ವರ್ಷದಿಂದ ಅವನು ಬದುಕಿದ್ದು ಮಂಚದ ಪಕ್ಕದ ಆಮ್ಲಜನಕದ ಯಂತ್ರದಿಂದ. ಊರಿನವರು ಅದನ್ನು ಉಸಿರಿನ ಪೆಟ್ಟಿಗೆ ಅನ್ನುತ್ತಿದ್ದರು.

"ಹನ್ನೊಂದನೇ ತಾರೀಖು ಸಂಜೆ ಅಪ್ಪ ಮೈ ಒರ್ಸು ಅಂದ್ರು. ಬಕೆಟ್ಟಿಗೆ ಕಾಯಿಲ್ ಇಟ್ಟು ಸ್ವಿಚ್ ಹಾಕ್ದೆ. ನೀರು ಉಗುರುಬೆಚ್ಚಗಾಗೋಷ್ಟ್ರಲ್ಲಿ ಕರೆಂಟ್ ಹೋಯ್ತು. ಇಡೀ ಸಾಲಿಗೇ ಹೋಯ್ತು. ಪೆಟ್ಟಿಗೆ ನಿಂತೋಯ್ತು."

"ಪೆಟ್ಟಿಗೆಗೆ ಸ್ವಂತ ಬ್ಯಾಟರಿ ಇರ್ಲಿಲ್ವಾ?"

"ಅದು ಕೆಟ್ಟು ಆರು ತಿಂಗ್ಳಾಯ್ತು. ಪವರ್‌ಹೌಸಿನ ಎಂಜಿನಿಯರ್ ಸಾಹೇಬ್ರಿಗೂ ಹೇಳಿದ್ದೆ."

"ಆಮೇಲೆ?"

"ಅಪ್ಪಂಗೆ ಮಾತಾಡೋಕಾಗ್ಲಿಲ್ಲ. ಬಕೆಟ್ ಕಡೆ ಬೆರಳು ಮಾಡಿ ಮಾಡಿ ತೋರಿಸ್ತಿದ್ರು. ನೀನು ಮಾಡಿದ್ದಕ್ಕೇ ಹಿಂಗಾಯ್ತು ನೋಡು ಅಂತ. ಎಂಟು ಗಂಟೆ ಅಷ್ಟೊತ್ತಿಗೆ..." ಅವಳು ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು. "ಕೊನೇ ಗಳಿಗೆಲೂ ನನ್ನ ಮೇಲೆ ಬೆರಳು ಮಾಡ್ಕೊಂಡೇ ಹೋದ್ರು ಮೇಡಂ."

"ನಿನ್ನ ಕಾಯಿಲ್ಲಿಂದ ಲೈನ್ ಹೋಯ್ತು ಅಂತ ಯಾರು ಹೇಳಿದ್ದು?"

"ಸಾಹೇಬ್ರೇ ಬಂದು ಹೇಳಿದ್ರು. ಮಾರನೇ ದಿನ ಮಧ್ಯಾಹ್ನ. ಎಲ್ಲರ ಮುಂದೆ."

ಆ ದಿನದಿಂದ ಕೆಳಸಾಲಿನಲ್ಲಿ ಯಾರೂ ಅವಳ ಜೊತೆ ಮಾತಾಡಿರಲಿಲ್ಲ. ನಲ್ಲಿಯ ಹತ್ತಿರ ಅವಳು ಹೋದರೆ ಉಳಿದವರು ಕೊಡ ಎತ್ತಿಕೊಂಡು ಸರಿಯುತ್ತಿದ್ದರು.

ಆರೋಗ್ಯ ಕೇಂದ್ರದ ವೈದ್ಯರ ಮರಣೋತ್ತರ ವರದಿ ಠಾಣೆಗೆ ಬಂದು ಟ್ರೇಯಲ್ಲಿ ಬಿದ್ದಿತ್ತು. ಆಮ್ಲಜನಕದ ಕೊರತೆ, ಅಷ್ಟೇ. ಇನ್ಸ್‌ಪೆಕ್ಟರ್ ರೈಟರನ್ನು ಕರೆದು, ಅಸ್ವಾಭಾವಿಕ ಸಾವು ಎಂದು ದೂರು ದಾಖಲಿಸಿ ಎಫ್‌ಐಆರ್ ಸಿದ್ಧ ಮಾಡಲು ಹೇಳಿದಳು. ಆರೋಪಿಯ ಹೆಸರಿನ ಜಾಗ ಖಾಲಿ ಬಿಡಿಸಿದಳು.

"ನನ್ನ ಹೆಸ್ರು ಹಾಕಿ ಮೇಡಂ," ಅಂದಳು ಹೆಂಗಸು.

"ಅದನ್ನ ನಾನು ನೋಡ್ಕೊಳ್ತೀನಿ. ಜೀಪ್ ಹತ್ತು."

ಜೀಪು ಓಡಿಸಿದವನು ದಫೇದಾರ. ಠಾಣೆಯಲ್ಲಿ ಅವನಿಗೆ ರೇಡಿಯೋ ಅನ್ನುತ್ತಾರೆ, ಏಕೆಂದರೆ ಬೆಳಗ್ಗೆ ಶುರುವಾದರೆ ಸಂಜೆ ತನಕ ನಿಲ್ಲುವುದಿಲ್ಲ. ಆ ದಿನ ಮಾತ್ರ ಹಿಂದಿನ ಸೀಟಿನಲ್ಲಿ ಮುದುರಿ ಕೂತವಳನ್ನು ಕನ್ನಡಿಯಲ್ಲಿ ನೋಡುತ್ತ ದಾರಿಯುದ್ದಕ್ಕೂ ಅವನೂ ಬಾಯಿ ಬಿಡಲಿಲ್ಲ.

ಊರಿನ ಬಾಯಲ್ಲೇ ಒಂದು ಬ್ಯಾನರ್ ಇನ್ನೂ ಕಟ್ಟಿಯೇ ಇತ್ತು. ಅದರಲ್ಲಿ ಮೂಗಿಗೆ ಕೊಳವೆ ಹಾಕಿಕೊಂಡ ಮುದುಕನೊಬ್ಬ ನಗುತ್ತಿದ್ದ. ಕೆಳಗೆ ದಪ್ಪ ಅಕ್ಷರದಲ್ಲಿ: 'ನಮ್ಮ ಬೆಳಕು, ಇವರ ಉಸಿರು.'

"ಅದು ಅಪ್ಪ," ಅಂದಳು ಹೆಂಗಸು. "ಹನ್ನೆರಡನೇ ತಾರೀಖು ದೊಡ್ಡೋರು ಬರೋರಿದ್ರು, ಯೋಜನೆ ನೋಡೋಕೆ. ನಮ್ಮನೇಗೂ ಬರ್ತಾರೆ ಅಂದಿದ್ರು ಸಾಹೇಬ್ರು."

ಸತ್ತವನ ಮುಖ ಇಳಿಸುವಷ್ಟೂ ಪುರುಸೊತ್ತಿಲ್ಲ ಈ ಜನಕ್ಕೆ! ಅಂದುಕೊಂಡಳು ಇನ್ಸ್‌ಪೆಕ್ಟರ್. ರೇಡಿಯೋ ಜೀಪಿನಿಂದಿಳಿದು, ಬ್ಯಾನರಿನ ಫೋಟೋ ತೆಗೆದುಕೊಂಡು, ಹಗ್ಗ ಬಿಚ್ಚಿ, ಸುತ್ತಿ ಒಳಗಿಟ್ಟ. ಅದೂ ಸಾಕ್ಷ್ಯವೇ ಎಂದು ಅವನಿಗಿನ್ನೂ ಗೊತ್ತಿರಲಿಲ್ಲ, ನೋಡಲಾಗದೆ ಬಿಚ್ಚಿದ್ದ.

ಅಕ್ಕಪಕ್ಕದ ಇಬ್ಬರನ್ನು ಪಂಚರಾಗಿ ಕರೆದು ಸ್ಥಳ ಪಂಚನಾಮೆ ಶುರು ಮಾಡಿದರು. ಒಬ್ಬ ಹೊಲಿಗೆ ಮಾಡುವವನು, ಇನ್ನೊಬ್ಬಳು ಎದುರುಮನೆಯ ಅಜ್ಜಿ. ಇಬ್ಬರೂ ಹೊಸ್ತಿಲು ದಾಟುವಾಗ ಮನೆಯೊಡತಿಯ ಮುಖ ನೋಡಲಿಲ್ಲ. ಒಂದೇ ಕೋಣೆ. ಮಂಚ, ಬಿಳಿ ಪೆಟ್ಟಿಗೆ, ಬೋರಲು ಹಾಕಿದ ಬಕೆಟ್. ಬಾಗಿಲ ಮೇಲೆ ಕೈ ಎಟುಕುವ ಎತ್ತರದಲ್ಲಿ ಒಂದು ಪುಟ್ಟ ಸ್ವಿಚ್ಚು.

"ಇದೇನು?"

"ಎಲ್ಲರ ಮನೇಲೂ ಇದೆ ಮೇಡಂ," ಅಂದ ಹೊಲಿಗೆಯವನು. "ಜಾಸ್ತಿ ಕರೆಂಟ್ ಎಳೆದ್ರೆ ಕೆಳಗೆ ಬೀಳುತ್ತೆ."

"ಅವತ್ತು ಸಂಜೆ ಇದು ಬಿದ್ದಿತ್ತಾ?"

ಹೆಂಗಸು ಯೋಚಿಸಿದಳು. "ಇಲ್ಲ. ಮೇಲೇ ಇತ್ತು. ಮೊದ್ಲು ಅದನ್ನೇ ನೋಡ್ದೆ."

ಇನ್ಸ್‌ಪೆಕ್ಟರ್ ಬಕೆಟ್ಟಿಗೆ ನೀರು ತುಂಬಿಸಿದಳು. ಎದುರಿನ ನಾಲ್ಕು ಮನೆಗಳಲ್ಲಿ ದೀಪ ಹಾಕಿಸಿ, ಬಾಗಿಲು ತೆರೆಸಿ, ಪಂಚರನ್ನು ಹೊಸ್ತಿಲ ಮೇಲೆ ನಿಲ್ಲಿಸಿದಳು. "ಈಗ ಅವತ್ತಿನ ಹಾಗೇ ಕಾಯಿಲ್ ಹಾಕಮ್ಮ."

ಹೆಂಗಸು ಎರಡು ಹೆಜ್ಜೆ ಹಿಂದೆ ಸರಿದಳು. "ಬೇಡ ಮೇಡಂ. ನನ್ನ ಕೈಲಾಗಲ್ಲ."

ಕೊನೆಗೆ ರೇಡಿಯೋ ಹಾಕಿದ. ನೀರು ಬಿಸಿಯಾಗುವಷ್ಟರಲ್ಲಿ ಟಪ್ ಎಂದು ಬಾಗಿಲ ಮೇಲಿನ ಸ್ವಿಚ್ಚು ಬಿತ್ತು, ಆ ಮನೆಯ ದೀಪ ಆರಿತು. ಎದುರಿನ ನಾಲ್ಕೂ ಮನೆಯ ದೀಪಗಳು ಅಲುಗದೆ ಉರಿಯುತ್ತಲೇ ಇದ್ದವು. ಸ್ವಿಚ್ಚು ಎತ್ತಿದ, ಮತ್ತೆ ಹಾಕಿದ. ಮತ್ತೆ ಈ ಮನೆಯೊಂದೇ ಕತ್ತಲೆ.

"ಅಜ್ಜಿ, ಏನ್ ನೋಡಿದ್ರಿ ಹೇಳಿ. ಬರ್ಕೋಬೇಕು."

ಅಜ್ಜಿ ತನ್ನ ಮನೆಯ ದೀಪ ನೋಡಿ ಹೇಳಿದಳು, "ಇವಳದು ಬಿದ್ರೆ ಇವಳದೇ ಬೀಳುತ್ತೆ. ನಮ್ಮದು ಹೋಗಲ್ಲ." ಆಮೇಲೆ ತನ್ನಷ್ಟಕ್ಕೆ, "ಅಯ್ಯೋ, ಮೂರು ದಿನದಿಂದ ಈ ಕೂಸಿನ ಮುಖ ನೋಡ್ಲಿಲ್ವಲ್ಲೇ ನಾನು!" ಎಂದು ಹಣೆ ಬಡಿದುಕೊಂಡಳು.

ಹೆಂಗಸಿಗೆ ಪೂರಾ ಅರ್ಥವಾದಂತೆ ಕಾಣಲಿಲ್ಲ. ಎದುರುಮನೆಯ ದೀಪವನ್ನೇ ನೋಡುತ್ತ ನಿಂತಿದ್ದಳು. ಇಡೀ ಸಾಲಿನ ಕರೆಂಟನ್ನು ಈ ಕಾಯಿಲ್ ಕೆಡವಿಲ್ಲ, ಅದು ಖಾತ್ರಿಯಾಯಿತು. ಹಾಗಾದರೆ ಕೆಡವಿದ್ದು ಯಾರು? ಇನ್ಸ್‌ಪೆಕ್ಟರ್ ಬಕೆಟ್ಟಿನ ನೀರು ಚೆಲ್ಲಿಸಿ ಮೊದಲಿನ ಹಾಗೇ ಬೋರಲು ಹಾಕಿಸಿ, ಪಂಚನಾಮೆಗೆ ಸಹಿ ಹಾಕಿಸಿಕೊಂಡು ದಿಬ್ಬ ಹತ್ತಿದಳು.

ಮೇಲೆ ಪವರ್‌ಹೌಸು ಕನ್ನಡಿಯಂತೆ ಹೊಳೆಯುತ್ತಿತ್ತು. ನೆಲಕ್ಕೆ ಹೊಸ ಬಣ್ಣ, ಹೂಕುಂಡಗಳಿಗೆ ಹೊಸ ಸುಣ್ಣ. ಜನರೇಟರಿಗೆ ಹಸಿರು ರಿಬ್ಬನ್ ಕಟ್ಟಿ ಗಂಟು ಹಾಕಿದ್ದರು. ಎಂಜಿನಿಯರ್ ಐವತ್ತರ ಹತ್ತಿರದವನು, ಇಸ್ತ್ರಿ ಮಾಡಿದ ಅಂಗಿ. ಇವರನ್ನು ಕಂಡ ಕೂಡಲೇ ಟೀಗೆ ಹೇಳಿದ. ಇನ್ಸ್‌ಪೆಕ್ಟರ್ ಬೇಡವೆಂದಳು.

"ಪಾಪ, ಆ ಮುದುಕಪ್ಪನ ವಿಷಯ ತಾನೇ? ನನಗೂ ತುಂಬ ಬೇಜಾರಾಯ್ತು ಮೇಡಂ. ಕಾಯಿಲ್ ಹಾಕ್ಬೇಡಿ ಅಂತ ಎಷ್ಟು ಸಲ ಹೇಳಿದ್ರೂ..."

"ಕಾಯಿಲ್ ಹಾಕಿ ನೋಡಿದ್ವಿ. ಅವಳ ಮನೇದು ಮಾತ್ರ ಬೀಳುತ್ತೆ."

ಎಂಜಿನಿಯರ್ ಕನ್ನಡಕ ತೆಗೆದು ಒರೆಸಿದ. "ಹೌದಾ. ಹಾಗಿದ್ರೆ ಬ್ಯಾಟರಿ. ಎರಡು ದಿನ ಮೋಡ, ಗಾಳಿನೂ ಅಷ್ಟಕ್ಕಷ್ಟೆ. ಬ್ಯಾಟರಿ ತಳ ಮುಟ್ಟಿದ್ರೆ ಕಂಟ್ರೋಲರ್ ತಾನಾಗೇ ಕೆಳಸಾಲನ್ನ ಕಟ್ ಮಾಡುತ್ತೆ. ಯಾರ ತಪ್ಪೂ ಅಲ್ಲ."

"ಅದನ್ನ ಮೊದ್ಲೇ ಯಾಕೆ ಹೇಳ್ಲಿಲ್ಲ? ಅವಳ ಮೇಲೆ ಯಾಕೆ ಹಾಕಿದ್ರಿ?"

"ಜನಕ್ಕೆ ಟೆಕ್ನಿಕಲ್ ವಿಷಯ ಅರ್ಥ ಆಗಲ್ಲ ಮೇಡಂ. ಅವರಿಗೆ ಏನೋ ಒಂದು ಕಾರಣ ಬೇಕು."

ಒಬ್ಬಳ ತಲೆಗೆ ತಂದೆಯ ಸಾವು ಕಟ್ಟಿದ್ದನ್ನು ಟೀ ಕಪ್ಪು ಸರಿಸಿದಷ್ಟು ಹಗುರಾಗಿ ಹೇಳಿದ.

"ಬ್ಯಾಟರಿ ಖಾಲಿಯಾದ್ರೆ ಜನರೇಟರ್ ಇದೆಯಲ್ಲ. ಯಾಕೆ ಹಾಕ್ಲಿಲ್ಲ?"

"ಆಪರೇಟರ್ ಜಾಗ ಬಿಟ್ಟು ಓಡೋಗಿದ್ದ. ಅದಕ್ಕೇ ಅವನನ್ನ ಸಸ್ಪೆಂಡ್ ಮಾಡಿದೀನಿ. ಬೇಕಾದ್ರೆ ಅವನ ಮೇಲೆ ಕ್ರಮ ತಗೊಳ್ಳಿ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಈ ಮನುಷ್ಯ ಕೈಯಲ್ಲಿ ಬರೆಯ ಕಬ್ಬಿಣ ಹಿಡಿದುಕೊಂಡೇ ಓಡಾಡುವವನು. ನಿನ್ನೆ ಮಗಳು, ಇವತ್ತು ಆಪರೇಟರ್, ನಾಳೆ ಇನ್ಯಾರೋ. ಇನ್ಸ್‌ಪೆಕ್ಟರ್ ಅವನ ಮುಖ ನೋಡಲಾಗದೆ ಗೋಡೆ ನೋಡಿದಳು. ಗೋಡೆಯಲ್ಲಿ ಚೌಕಟ್ಟು ಹಾಕಿದ ದೊಡ್ಡ ಫೋಟೋ, ಹೊಚ್ಚ ಹೊಸದು. ಅತಿಥಿಗಳು ಸಾಲಾಗಿ ನಿಂತು ಚಪ್ಪಾಳೆ ತಟ್ಟುತ್ತಿದ್ದಾರೆ. ಅವರ ಹಿಂದೆ ಮುದುಕ ನಗುತ್ತಿರುವ ಬ್ಯಾನರ್. ಫೋಟೋದಲ್ಲೇ, ಅವರ ಪಕ್ಕದ ಬೋರ್ಡಿನಲ್ಲಿ ಎರಡು ಹಸಿರು ಅಂಕಿಗಳು: ಬ್ಯಾಟರಿ ನೂರು, ಡೀಸೆಲ್ ಸೊನ್ನೆ. ಅವರ ತಲೆಯ ಮೇಲೆ ಬೂದಿ ಬಣ್ಣದ ಮೋಡ.

"ಇದು ಯಾವಾಗಿಂದು?"

"ಹನ್ನೆರಡನೇ ತಾರೀಖು, ಬೆಳಗ್ಗೆ." ಎಂಜಿನಿಯರ್ ದನಿಗೆ ಜೀವ ಬಂತು. "ಇಡೀ ತಿಂಗಳು ಒಂದು ಹನಿ ಡೀಸೆಲ್ ಉರ್ಸಿಲ್ಲ ಮೇಡಂ. ಬ್ಯಾಟರಿ ನೂರಕ್ಕೆ ನೂರು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದ್ರು."

ರೇಡಿಯೋ ಗಂಟಲು ಸರಿಮಾಡಿಕೊಂಡ. "ಸಾಹೇಬ್ರೇ, ತಪ್ಪು ತಿಳೀಬೇಡಿ. ನಮ್ಮನೇಲಿ ಒಂದು ಇನ್ವರ್ಟರ್ ಇದೆ. ನನ್ನ ಹೆಂಡ್ತಿ ಟಿವಿ ಮುಂದೆ ಕೂತ್ರೆ ಏಳಲ್ಲ, ಅದು ಖಾಲಿ ಆಗಿ ಬಿಡುತ್ತೆ. ಒಂದ್ಸಲ ತಳ ಮುಟ್ತು ಅಂದ್ರೆ ಮತ್ತೆ ತುಂಬೋಕೆ ಇಡೀ ದಿನ ಬೇಕು. ಅದು ಅಂಗೈಯಗಲದ ಬ್ಯಾಟರಿ. ನಿಮ್ಮದು ಒಂದು ಕೋಣೆ ತುಂಬ ಇದೆ. ಸಂಜೆ ಖಾಲಿ ಆಗಿದ್ದು, ಬಿಸಿಲಿಲ್ದೆ, ಡೀಸೆಲ್ ಇಲ್ದೆ, ಬೆಳಗ್ಗೆ ಹೆಂಗೆ ತುಂಬ್ತು?"

ಎಂಜಿನಿಯರ್ ಎದ್ದು ಫೋಟೋದ ಚೌಕಟ್ಟು ನೆಟ್ಟಗೆ ಮಾಡಿದ. ಟೀ ಆರಿ ಕೆನೆಗಟ್ಟಿತ್ತು.

ಆಪರೇಟರ್ ಸಿಕ್ಕಿದ್ದು ತನ್ನ ತಂಗಿಯ ಮನೆಯ ಹಿತ್ತಲಲ್ಲಿ. ಸುಮ್ಮನೆ ಕೂತಿದ್ದ. ಪೊಲೀಸರನ್ನು ಕಂಡು ಎದ್ದು ನಿಂತ, ಎರಡೂ ಕೈ ಮುಂದಕ್ಕೆ ಚಾಚಿದ, ಬೇಡಿ ಹಾಕಿ ಅನ್ನುವಂತೆ. ಎಂಥ ಊರಪ್ಪ ಇದು, ತಪ್ಪಿಲ್ಲದವರೆಲ್ಲ ಕೈ ಚಾಚುತ್ತಾರೆ ಎಂದುಕೊಂಡಳು ಇನ್ಸ್‌ಪೆಕ್ಟರ್.

"ಜಾಗ ಬಿಟ್ಟು ಎಲ್ಲಿಗೆ ಹೋಗಿದ್ದೆ?"

"ಕಂಬ ನೋಡೋಕೆ."

"ಯಾಕೆ?"

"ಯಾರು ಹತ್ತಿದಾರೆ ಅಂತ ಹುಡುಕೋಕೆ."

"ಸರಿಯಾಗಿ ಹೇಳು."

ಹೇಳಿದ. ಕೆಳಸಾಲಿನ ಕರೆಂಟು ಹೋದಾಗ ಅವನು ಬ್ಯಾಟರಿ ಕೋಣೆಯಲ್ಲಿದ್ದ. ಮುದುಕನ ಮಗಳು ಕೂಗಿಕೊಂಡು ದಿಬ್ಬ ಹತ್ತಿ ಬಂದಾಗ ಸ್ವಿಚ್ಚು ಎತ್ತಲು ಓಡಿದ. ಕೆಳಸಾಲಿನ ದೊಡ್ಡ ಸ್ವಿಚ್ಚು ಕೆಳಗಿತ್ತು. ಅದರ ಹಿಡಿಗೆ ಬೀಗ ಬಿದ್ದಿತ್ತು.

"ಬೀಗ ಯಾಕೆ ಹಾಕ್ತಾರೆ?"

"ಲೈನ್ ಮೇಲೆ ಕೆಲಸ ಮಾಡೋನು ಸ್ವಿಚ್ ಇಳಿಸಿ ತನ್ನ ಬೀಗ ತಾನೇ ಹಾಕ್ಬೇಕು ಮೇಡಂ. ಕೀಲಿ ಅವನ ಜೇಬಲ್ಲೇ. ಇಳಿದು ಬಂದು ಅವನೇ ತೆಗೀಬೇಕು. ಬೇರೆಯವರು ಮುಟ್ಟೋ ಹಾಗಿಲ್ಲ. ಬೀಗ ಇದೆ ಅಂದ್ರೆ ತಂತಿ ಮೇಲೆ ಒಂದು ಜೀವ ಇದೆ ಅಂತ."

"ಒಡೀಬಹುದಿತ್ತಲ್ಲ?"

"ಕಟ್ಟರ್ ಗೋಡೆ ಮೇಲೇ ಇತ್ತು. ಕೈಗೂ ತಗೊಂಡೆ. ನಮ್ಮ ಭಾವ ಕಂಬದ ಮೇಲೆ ಸುಟ್ಟು ಕರಕಲಾದ್ರು ಮೇಡಂ. ಅವರು ಮೇಲಿದ್ದಾಗ ಯಾರೋ ಕೆಳಗೆ ಸ್ವಿಚ್ ಎತ್ತಿದ್ರು. ಹೆಣ ಇಳಿಸಿದ್ದು ನಾನೇ. ಒಂದು ಜೀವ ಉಳಿಸೋಕೆ ಇನ್ನೊಂದು ಜೀವ ಹೆಂಗೆ ಸುಡ್ಲಿ? ಅದಕ್ಕೇ ಲೈನ್ ಉದ್ದಕ್ಕೂ ಓಡಿದೆ. ಇಳಿಯಪ್ಪಾ, ಇಳಿಯಪ್ಪಾ ಅಂತ ಕಂಬ ಕಂಬಕ್ಕೂ ಕೂಗ್ದೆ. ಒಂದರ ಮೇಲೂ ಯಾರೂ ಇರ್ಲಿಲ್ಲ."

ರೇಡಿಯೋ ಬೇರೆ ಕಡೆ ತಿರುಗಿ ನಿಂತ.

"ಯಾರ ಬೀಗ ಅದು?"

"ನಂದು ಕೆಂಪು. ಲೈನ್‌ಮ್ಯಾನ್‌ದು ಹಳದಿ. ಇದ್ದಿದ್ದು ನೀಲಿ. ಸಾಹೇಬ್ರದ್ದು."

"ಅವರಿಗೆ ಫೋನ್ ಮಾಡ್ಲಿಲ್ವಾ?"

"ಓಡೋಕೆ ಮುಂಚೇನೇ ಮಾಡ್ದೆ. ಅತಿಥಿಗೃಹದಲ್ಲಿದ್ರು. ಮುದುಕಪ್ಪನ ಪೆಟ್ಟಿಗೆ ನಿಂತಿದೆ ಸಾರ್, ಉಸಿರು ಕಟ್ತಿದೆ ಅಂದೆ. ಲೈನ್ ಮೇಲೆ ಜನ ಇದ್ದಾರೆ, ಬೀಗ ಮುಟ್ಟಬೇಡ, ಬೆಳಗ್ಗೆ ನೋಡೋಣ ಅಂದ್ರು."

"ಇಷ್ಟು ದಿನ ಯಾಕೆ ಬಾಯಿ ಬಿಡ್ಲಿಲ್ಲ?"

"ಯಾವ ಮುಖ ಇಟ್ಕೊಂಡು ಹೇಳ್ಲಿ? ಕಟ್ಟರ್ ನನ್ನ ಕೈಲಿತ್ತಲ್ಲ ಮೇಡಂ."

ಮರುದಿನ ಮಧ್ಯಾಹ್ನದ ಹೊತ್ತಿಗೆ ಉಳಿದದ್ದೆಲ್ಲ ಒಂದೊಂದಾಗಿ ಕೂಡಿಕೊಂಡಿತು. ಫೋನ್ ಕಂಪನಿಯ ಕರೆ ವಿವರದಲ್ಲಿ ಹನ್ನೊಂದರ ಸಂಜೆ ಏಳೂ ಹತ್ತಕ್ಕೆ ಆಪರೇಟರ್ ಕರೆ ಇತ್ತು. ಎಂಜಿನಿಯರ್ ಎತ್ತಿದ್ದ, ಮಾತಾಡಿದ್ದ. ಮುದುಕ ಸತ್ತದ್ದು ಎಂಟಕ್ಕೆ. ಲೈನ್‌ಮ್ಯಾನ್ ಆ ವಾರವಿಡೀ ರಜೆಯಲ್ಲಿದ್ದ. ಯಾವ ಕಂಬದ ಮೇಲೂ ಯಾವ ಕೆಲಸವೂ ನಡೆದಿರಲಿಲ್ಲ. ಕೆಳಸಾಲಿಗೆ ಕರೆಂಟು ವಾಪಸು ಬಂದದ್ದು ಅತಿಥಿಗಳ ಕಾರು ಕೊನೆಯ ತಿರುವು ದಾಟಿದ ಮೇಲೆ ಎಂದು ಆರು ಮನೆಯವರು ಹೇಳಿಕೆ ಕೊಟ್ಟರು. ಕಂಟ್ರೋಲರನ್ನು ಮೊಹರು ಮಾಡಿ ತಜ್ಞರಿಗೆ ಕಳಿಸಲಾಯಿತು. ಎಫ್‌ಐಆರ್‌ನ ಖಾಲಿ ಜಾಗ ತುಂಬಿತು. ದೂರಿಗೆ ಕೊಲೆಯಲ್ಲದ ನರಹತ್ಯೆಯ ಆರೋಪ ಸೇರಿತು.

ಪವರ್‌ಹೌಸಿನ ಗೋಡೆಯಲ್ಲಿ ಮೂರು ಕೊಕ್ಕೆ. ಕೆಂಪು ಬೀಗ, ಹಳದಿ ಬೀಗ, ಮೂರನೆಯದು ಖಾಲಿ. ಎಂಜಿನಿಯರ್ ಮೇಜಿನ ಡ್ರಾಯರಿನಲ್ಲಿ, ಸಮಾರಂಭದ ಜರಿಯ ಬ್ಯಾಡ್ಜಿನ ಕೆಳಗೆ, ನೀಲಿ ಬೀಗ ಸಿಕ್ಕಿತು. ಕೀಲಿ ಅವನ ಜೇಬಿನಲ್ಲೇ ಇತ್ತು. ಪಂಚರ ಮುಂದೆ ಹಾಕಿ ತೆಗೆದು ನೋಡಿ, ಎರಡನ್ನೂ ಸಾಕ್ಷ್ಯದ ವಸ್ತು, ಮುದ್ದೆಮಾಲೆಂದು ಜಪ್ತಿ ಮಾಡಿದರು.

"ಸ್ವಿಚ್ ಇಳಿಸಿದ್ದು ನೀವೇನಾ?"

"ಇಳಿಸಿದೆ."

"ಯಾಕೆ?"

"ಬ್ಯಾಟರಿ ಎಪ್ಪತ್ತರಲ್ಲಿತ್ತು. ಕೆಳಸಾಲು ಎಳೀತಾ ಇದ್ರೆ ಬೆಳಗ್ಗೆಗೆ ನಲವತ್ತು. ಜನರೇಟರ್ ಹಾಕಿದ್ರೆ ಡೀಸೆಲ್ ಮೀಟರ್ ಏರುತ್ತೆ. ಕೆಳಗಿನೋರನ್ನ ಒಂದು ರಾತ್ರಿ ಬಿಟ್ರೆ, ಇರೋ ಅಲ್ಪ ಸ್ವಲ್ಪ ಗಾಳೀಲೇ ತುಂಬುತ್ತೆ ಅಂತ... ಒಂದೇ ರಾತ್ರಿ ಮೇಡಂ."

"ಬೀಗ ಯಾಕೆ?"

ಈ ಪ್ರಶ್ನೆಗೆ ಅವನಿಗೇ ಅಚ್ಚರಿಯಾಯಿತು. "ಇಪ್ಪತ್ತೈದು ವರ್ಷದಿಂದ ಬೀಗ ಹಾಕದೆ ಸ್ವಿಚ್ ಇಳಿಸಿಲ್ಲ ನಾನು. ಕೈ ತಾನಾಗೇ ಹಾಕ್ತು. ಸುರಕ್ಷತೆ ನಿಯಮ ಅದು."

ಜೀವ ಕಾಯಲೆಂದು ಮಾಡಿದ ಬೀಗ. ಅದನ್ನೇ ಒಂದು ಜೀವದ ಮೂಗಿಗೆ ಹಾಕಿ, ನಿಯಮ ಪಾಲಿಸಿದೆ ಅನ್ನುತ್ತಾನೆ! ಥೂ. ಬರೀ ಅಭ್ಯಾಸಬಲದಿಂದ ಸಿಕ್ಕಿಬಿದ್ದಿದ್ದಾನೆ, ಪಶ್ಚಾತ್ತಾಪದಿಂದಲ್ಲ. ಇನ್ಸ್‌ಪೆಕ್ಟರ್ ಎದ್ದು ಹೋಗಿ ಕಿಟಕಿ ತೆರೆದಳು.

"ಆಪರೇಟರ್ ಫೋನ್ ಮಾಡಿದ ಮೇಲೆ ನಿಮಗೆ ಗೊತ್ತಾಯ್ತು, ಮುದುಕ ಸಾಯ್ತಿದಾನೆ ಅಂತ."

ಎಂಜಿನಿಯರ್ ಅಂಗಿಯ ತೋಳಿನ ಗುಂಡಿ ಸರಿಮಾಡಿಕೊಂಡ.

"ಅತಿಥಿಗೃಹದಿಂದ ಇಲ್ಲಿಗೆ ಎಷ್ಟು ದೂರ? ಆ ಅಂಗಳ ದಾಟಿದ್ರೆ ಆಯ್ತು ತಾನೆ?"

"ಊಟ ಬಡಿಸಿದ್ರು. ಅತಿಥಿಗಳಲ್ಲಿ ಮೂರು ಜನ ಹಿಂದಿನ ದಿನವೇ ಬಂದು ಉಳ್ಕೊಂಡಿದ್ರು. ಮಧ್ಯೆ ಎದ್ದು ಹೋದ್ರೆ ಏನೋ ತೊಂದ್ರೆ ಆಗಿದೆ ಅಂತ ಗೊತ್ತಾಗಿಬಿಡುತ್ತಲ್ಲ ಅನ್ನಿಸ್ತು. ಕಳೆದ ವರ್ಷ..." ಅವನು ನಿಲ್ಲಿಸಿದ.

"ಹೇಳಿ."

ಕಳೆದ ವರ್ಷವೂ ಇದೇ ಜನ ಯೋಜನೆ ನೋಡಲು ಬಂದಿದ್ದರಂತೆ. ಇವನು ಮೈಕ್ ಹಿಡಿದು ಮಾತಾಡುವಾಗಲೇ ಕರೆಂಟು ಹೋಯಿತಂತೆ. ಎಲ್ಲರೂ ನಕ್ಕರಂತೆ. ಯಾರೋ ಒಂದು ಮೇಣದಬತ್ತಿ ಹಚ್ಚಿ ಇವನ ಕೈಗೆ ಕೊಟ್ಟರಂತೆ, ಫೋಟೋ ತೆಗೆದರಂತೆ. ಅಂದಿನಿಂದ ಮೇಲಿನ ಕಚೇರಿಯಲ್ಲಿ ಇವನ ಹೆಸರೇ ಮೇಣದಬತ್ತಿ.

"ಮೀಟಿಂಗಿಗೆ ಹೋದ್ರೆ, ಬಂದ ನೋಡಿ ಮೇಣದಬತ್ತಿ ಅಂತಾರೆ ಮೇಡಂ. ನನ್ನ ಮಗಳ ಮದುವೇಲೂ ಒಬ್ಬ ಹಾಗೇ ಕರೆದ. ನಿಮಗೆ ಗೊತ್ತಾಗಲ್ಲ ಅದು ಹೇಗಿರುತ್ತೆ ಅಂತ."

ಇಷ್ಟೇ. ಇಷ್ಟಕ್ಕೇ. ಲಂಚವಲ್ಲ, ಹಗೆಯಲ್ಲ, ನಾಲ್ಕು ಜನ ನಗಬಾರದೆಂದು. ಕೊಲೆಗಾರರನ್ನು ಹಿಡಿದಾಗ ಅವಳಿಗೆ ಸಿಟ್ಟು ಬಂದದ್ದಿತ್ತು, ಕೆಲವೊಮ್ಮೆ ಕನಿಕರವೂ ಬಂದದ್ದಿತ್ತು. ಈ ಮನುಷ್ಯನ ಎದುರು ಬಂದದ್ದು ಬರೀ ಅಸಹ್ಯ, ತಟ್ಟೆಯಲ್ಲಿ ಹಲ್ಲಿ ಬಿದ್ದದ್ದನ್ನು ಕಂಡ ಹಾಗೆ. ಆ ಚಪ್ಪಾಳೆ ಅಸಹ್ಯ, ಆ ಚೌಕಟ್ಟು ಅಸಹ್ಯ. ಮುದುಕ ಎಲ್ಲಿ ಎಂದು ಅತಿಥಿಗಳು ಕೇಳಿದಾಗ ಇವನು ಕೊಟ್ಟ ಉತ್ತರವನ್ನು ಅತಿಥಿಗೃಹದ ಅಡುಗೆಯವನ ಹೇಳಿಕೆಯಲ್ಲಿ ಅವಳು ಓದಿದ್ದಳು: "ಮಲಗಿದ್ದಾರೆ, ಎಬ್ಬಿಸೋದು ಬೇಡ." ಸಂಜೆ ನಾಲ್ಕಕ್ಕೆ ಅವನನ್ನು ದಸ್ತಗಿರಿ ಮಾಡಿ, ಕಾರಣ ಓದಿ ಹೇಳಿ, ಸಹಿ ತೆಗೆದುಕೊಂಡಳು.

ಜೀಪು ಕೆಳಸಾಲಿಗೆ ಬಂದಾಗ ಜನ ಆಗಲೇ ಕೂಡಿದ್ದರು. ಇನ್ಸ್‌ಪೆಕ್ಟರ್ ಮುದುಕನ ಮನೆ ಮುಂದೆ ನಿಲ್ಲಿಸಲು ಹೇಳಿದಳು. ಕಾನೂನಿನಲ್ಲಿ ಅದಕ್ಕೆ ಜಾಗವಿರಲಿಲ್ಲ; ನಿಲ್ಲಿಸಬಾರದೆಂದೂ ಬರೆದಿರಲಿಲ್ಲ. ಹೆಂಗಸು ಹೊರಗೆ ಬಂದಳು. ಎದುರುಮನೆಯ ಅಜ್ಜಿ ಅವಳ ತೋಳು ಹಿಡಿದುಕೊಂಡಿದ್ದಳು. ಗುಂಪಿನ ಹಿಂದೆ ಆಪರೇಟರ್ ತಲೆ ತಗ್ಗಿಸಿ ನಿಂತಿದ್ದ.

"ಎಲ್ಲರೂ ಕೇಳಿಸ್ಕೊಳ್ಳಿ," ಅಂದಳು ಇನ್ಸ್‌ಪೆಕ್ಟರ್. "ಅವತ್ತು ಕರೆಂಟು ಹೋಗಿದ್ದು ಇವಳಿಂದ ಅಲ್ಲ. ಆಪರೇಟರಿಂದಾನೂ ಅಲ್ಲ."

ಹೆಂಗಸು ಅವಳನ್ನು ನೋಡಲಿಲ್ಲ. ನೇರ ಜೀಪಿನ ಹತ್ತಿರ ಬಂದು, ಒಳಗೆ ಕೂತವನನ್ನು ಕೇಳಿದಳು.

"ಸಾಹೇಬ್ರೇ, ಕಾಯಿಲ್ ಹಾಕ್ಬಾರ್ದಿತ್ತು ಅಂತ ನನ್ನ ಹೆಗಲ ಮೇಲೆ ಕೈ ಇಟ್ಟು ಹೇಳಿದ್ರಲ್ಲ. ನಾನಲ್ಲ ಅಂತ ಆಗ ನಿಮಗೆ ಗೊತ್ತಿತ್ತಾ?"

ಅವನು ಮಡಿಲಲ್ಲಿದ್ದ ಕೈಗಳನ್ನೇ ನೋಡುತ್ತಿದ್ದ. "ಗೊತ್ತಿತ್ತು," ಅಂದ.

ಗುಂಪಿನಲ್ಲಿ ಯಾರೋ ಉಗುಳಿದರು. ಉಗುಳಿದವರೂ ಮೂರು ದಿನ ಅವಳನ್ನು ನಲ್ಲಿಯ ಬಳಿ ಬಿಟ್ಟುಕೊಂಡಿರಲಿಲ್ಲ ಎಂಬುದನ್ನು ಇನ್ಸ್‌ಪೆಕ್ಟರ್ ಮರೆತಿರಲಿಲ್ಲ. ಅವರನ್ನೂ ಒಮ್ಮೆ ದುರುಗುಟ್ಟಿ ನೋಡಿದಳು.

ಹೆಂಗಸು ಬಯ್ಯಲಿಲ್ಲ, ಅಳಲಿಲ್ಲ. ಮನೆಯೊಳಗೆ ಹೋದಳು. ಇನ್ಸ್‌ಪೆಕ್ಟರ್ ಹಿಂದೆಯೇ ಹೋದಾಗ ಅವಳು ಬೋರಲು ಹಾಕಿದ್ದ ಬಕೆಟ್ಟನ್ನು ಎತ್ತಿ ನೆಟ್ಟಗಿಡುತ್ತಿದ್ದಳು.

"ಮಾರನೇ ದಿನ ದೊಡ್ಡೋರು ಮನೇಗೆ ಬರ್ತಾರೆ ಅಂತ ಅಪ್ಪಂಗೆ ಸಂಭ್ರಮ ಮೇಡಂ. ಬೆಳಗ್ಗೆನೇ ಗಡ್ಡ ಮಾಡ್ಸಿಕೊಂಡಿದ್ರು. ಒಗೆದ ಅಂಗಿ ತೆಗೆದಿಡು ಅಂದಿದ್ರು." ಅವಳು ಬಕೆಟ್ಟಿನ ಅಂಚನ್ನು ಸವರಿದಳು. "ನೀರು ಉಗುರುಬೆಚ್ಚಗೇ ಇತ್ತು. ಬೆರಳು ಮಾಡಿ, ಆರೋಗುತ್ತೆ, ಬೇಗ ಒರ್ಸು ಅಂತಿದ್ರೋ ಏನೋ. ನಾನು ಬೈತಿದಾರೆ ಅಂದ್ಕೊಂಡು ಅಷ್ಟೂ ನೀರು ಚೆಲ್ಲಿಬಿಟ್ಟೆ."